ನಿಮ್ಮ ಸಹಿಗೆ ಎಷ್ಟು ಕೇಳಬೇಕು? ವಿಮಾನ ದುರಸ್ತಿ ಎಂಜಿನಿಯರ್‌ಗಳ ಸಂಬಳ ಮತ್ತು ದರ

ಪ್ರಶ್ನೆ: ನಾನು ತುಮಕೂರು ಕಡೆಯವನು. ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರಿಂಗ್ ಓದಿ, ಹ್ಯಾಂಗರ್‌ನಲ್ಲಿ ಟ್ರೈನಿಯಾಗಿ ದುಡಿದು, ಈಗ ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ಕೊಡುವ ಬಿ1.1 ಲೈಸೆನ್ಸ್ ಪಡೆದಿದ್ದೇನೆ. ಒಂದು ದುರಸ್ತಿ ಕಂಪನಿ ತಿಂಗಳಿಗೆ 32 ಸಾವಿರ ಕೊಡುತ್ತೇವೆ ಎನ್ನುತ್ತಿದೆ. ಏರ್‌ಬಸ್ ಎ320 ಮಾದರಿಯ ವಿಮಾನಕ್ಕೆ ಬೇಕಾದ ಟೈಪ್ ಕೋರ್ಸ್ ಅವರೇ ಮಾಡಿಸುತ್ತಾರಂತೆ. ಆದರೆ ನಾಲ್ಕು ವರ್ಷದ ಬಾಂಡ್ ಇದೆ. ಮಧ್ಯದಲ್ಲಿ ಬಿಟ್ಟರೆ 8 ಲಕ್ಷ ಕಟ್ಟಬೇಕು. ಇನ್ನೊಂದು ಕಡೆ, ಪರಿಚಯದ ಫ್ಲೈಯಿಂಗ್ ಸ್ಕೂಲ್‌ನವರು ತಮ್ಮ ಸಣ್ಣ ಸೆಸ್ನಾ 172 ವಿಮಾನಗಳ 100 ಗಂಟೆ ಇನ್‌ಸ್ಪೆಕ್ಷನ್ (ನೂರು ಗಂಟೆ ಹಾರಾಟಕ್ಕೊಮ್ಮೆ ಮಾಡುವ ಪರೀಕ್ಷೆ) ಮಾಡಿಕೊಡು ಎಂದು ಕರೆಯುತ್ತಿದ್ದಾರೆ. ಒಂದು ವಿಮಾನಕ್ಕೆ ಇಷ್ಟು ಅಂತ ಹೇಳು, ಬೇಗ ಮುಗಿಸಿದರೆ ಮೇಲೆ ಇನ್ನಷ್ಟು ಕೊಡುತ್ತೇವೆ ಎನ್ನುತ್ತಾರೆ. "ಅಷ್ಟು ಲಕ್ಷ ಸುರಿದು ಓದಿಸಿದ್ದು 32 ಸಾವಿರಕ್ಕಾ?" ಎಂದು ಅಪ್ಪ ಕೇಳುತ್ತಾರೆ. ನ್ಯಾಯವಾದ ಸಂಬಳ ಯಾವುದು? ದರ ಹೇಗೆ ನಿಗದಿ ಮಾಡುವುದು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕಂಪನಿಯ ಕೆಲಸವನ್ನು ಕೈಬಿಡಬೇಡಿ, ಆದರೆ ಈಗಿನ ಷರತ್ತಿಗೆ ಸಹಿ ಹಾಕಬೇಡಿ. ಫ್ಲೈಯಿಂಗ್ ಸ್ಕೂಲ್‌ನ ಕೆಲಸ ಸದ್ಯಕ್ಕೆ ಒಪ್ಪಲೇಬೇಡಿ.

ಸ್ಕೂಲ್ ವಿಷಯ ಮೊದಲು ಮುಗಿಸೋಣ. ಬಿ1.1 ಇರುವುದು ಟರ್ಬೈನ್ ಎಂಜಿನ್ ವಿಮಾನಗಳಿಗೆ. ಸೆಸ್ನಾ 172ರದ್ದು ಪಿಸ್ಟನ್ ಎಂಜಿನ್. ಅದಕ್ಕೆ ಬಿ1.2 ಬೇಕು. ಇಲ್ಲವೇ ಎರಡು ಸಾವಿರ ಕೆಜಿ ಒಳಗಿನ ಪಿಸ್ಟನ್ ವಿಮಾನಗಳಿಗೆಂದೇ ಇರುವ ಬಿ3 ಬೇಕು. ನಿಮ್ಮ ಲೈಸೆನ್ಸಿನಲ್ಲಿ ಅದು ಇಲ್ಲದಿದ್ದರೆ ನೀವು ಅಲ್ಲಿ ಕೈಜೋಡಿಸಿ ಕೆಲಸ ಮಾಡಬಹುದು, ವಿಮಾನ ಹಾರಬಹುದು ಎಂದು ಸಹಿ ಹಾಕುವಂತಿಲ್ಲ. ಇದ್ದರೂ ಅಷ್ಟೇ ಸಾಲದು. ಮಾನ್ಯತೆ ಪಡೆದ ದುರಸ್ತಿ ಸಂಸ್ಥೆಯಲ್ಲಿ ಸಹಿ ಹಾಕಬೇಕಾದರೆ ಆ ಸಂಸ್ಥೆ ನಿಮ್ಮ ಹೆಸರಿಗೆ ಬರಹದಲ್ಲಿ ಅಧಿಕಾರ ಕೊಟ್ಟಿರಬೇಕು. ಹ್ಯಾಂಗರ್‌ನಲ್ಲಿ ಎಲ್ಲರೂ ಅಥರೈಸೇಷನ್ ಅನ್ನುವುದು ಇದಕ್ಕೇ. "ಪರಿಚಯದವರು, ಬಂದು ಮಾಡಿಕೊಡು" ಎನ್ನುವ ಮಾತಿನಲ್ಲಿ ಇದು ಯಾವುದೂ ಬಂದಿಲ್ಲ. ಅಲ್ಲಿ ನಿಮ್ಮ ಕೆಲಸಕ್ಕಿಂತ ನಿಮ್ಮ ಸಹಿ ಬೇಕಾಗಿದೆ ಎಂದು ನನಗೆ ಅನುಮಾನ. ಕೇಳಿ ನೋಡಿ, ಈಗ ಅವರ ವಿಮಾನಗಳಿಗೆ ಸಹಿ ಹಾಕುತ್ತಿರುವವರು ಯಾರು, ಅವರು ಯಾಕೆ ಬಿಟ್ಟು ಹೋಗುತ್ತಿದ್ದಾರೆ ಅಂತ.

ಈಗ ಅಸಲು ವಿಷಯಕ್ಕೆ ಬರೋಣ. ನಮ್ಮ ಕೆಲಸದ ಬೆಲೆ ಯಾವುದರ ಬೆಲೆ? ಬೋಲ್ಟ್ ಬಿಚ್ಚಿ ಹಾಕುವುದಕ್ಕೆ ಕೊಡುವ ದುಡ್ಡು ಅದರಲ್ಲಿ ಚಿಕ್ಕ ಪಾಲು. ಕೆಲಸ ಮುಗಿದ ಮೇಲೆ "ಈ ವಿಮಾನ ಹಾರಲು ಯೋಗ್ಯ" ಎಂದು ಒಬ್ಬ ಮನುಷ್ಯ ತನ್ನ ಹೆಸರು, ಲೈಸೆನ್ಸ್ ನಂಬರ್ ಹಾಕಿ ಬರೆದುಕೊಡುತ್ತಾನಲ್ಲ, ಆ ಜವಾಬ್ದಾರಿಯ ಬೆಲೆಯೇ ದೊಡ್ಡದು. ಅದಕ್ಕೆ ಇನ್ನೊಂದು ಮುಖ ಇದೆ. ಅದೇ ಮನುಷ್ಯನಿಗೆ "ಇಲ್ಲ, ಇದು ಇವತ್ತು ಹೋಗುವುದಿಲ್ಲ" ಎಂದು ಹೇಳುವ ಧೈರ್ಯ ಇರಬೇಕು. ಎಷ್ಟು ಸಂಬಳ ಕೊಟ್ಟರೆ, ಹೇಗೆ ಕೊಟ್ಟರೆ ಅವನು ಆ ಮಾತನ್ನು ಹೆದರಿಕೆಯಿಲ್ಲದೆ ಹೇಳಬಲ್ಲನೋ, ಅದನ್ನು ನಾನು ನ್ಯಾಯವಾದ ಸಂಬಳ ಎನ್ನುತ್ತೇನೆ. ಮುಂದಿನ ಲೆಕ್ಕಗಳೆಲ್ಲ ಇದರ ಮೇಲೇ ನಿಂತಿವೆ.

ಒಂದು ಪ್ರಕರಣ ಹೇಳಬೇಕು. ಮನುಷ್ಯರಿಂದ ತಪ್ಪು ಯಾಕೆ ಆಗುತ್ತದೆ ಎಂದು ಕಲಿಸುವ ನಿಮ್ಮ ಹ್ಯೂಮನ್ ಫ್ಯಾಕ್ಟರ್ಸ್ ಪಾಠದಲ್ಲಿ ಕೇಳಿರುತ್ತೀರಿ, ಆದರೆ ದುಡ್ಡಿನ ಕಣ್ಣಿಂದ ಇನ್ನೊಮ್ಮೆ ನೋಡಿ. 1990ರ ಜೂನ್ 10. ಬ್ರಿಟಿಷ್ ಏರ್‌ವೇಸ್‌ನ ಬಿಎಸಿ 1-11 ವಿಮಾನ ಬರ್ಮಿಂಗ್‌ಹ್ಯಾಂನಿಂದ ಸ್ಪೇನಿನ ಮಾಲಗಾಕ್ಕೆ ಹೊರಟಿತ್ತು. ಸುಮಾರು 17 ಸಾವಿರ ಅಡಿ ಎತ್ತರದಲ್ಲಿ ಕ್ಯಾಪ್ಟನ್ ಎದುರಿನ ಗಾಜು ಕಿತ್ತು ಹೋಯಿತು. ಕ್ಯಾಪ್ಟನ್ ಅರ್ಧ ದೇಹ ಹೊರಗೆ ಎಳೆದುಕೊಂಡು ಹೋಯಿತು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡರು. ಸಹ ಪೈಲಟ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಬದುಕಿದರು. ಆ ಗಾಜನ್ನು ಹಾರಾಟಕ್ಕೆ ಸ್ವಲ್ಪ ಮುಂಚೆ, ರಾತ್ರಿ ಪಾಳಿಯಲ್ಲಿ ಬದಲಿಸಿದ್ದರು. ಹಾಕಿದ 90 ಬೋಲ್ಟ್‌ಗಳಲ್ಲಿ 84 ಬೇಕಾದ್ದಕ್ಕಿಂತ ಸಣ್ಣ ದಪ್ಪದವು. ಉಳಿದ ಆರು ಉದ್ದದಲ್ಲಿ ಗಿಡ್ಡ.

ಇದನ್ನು ಮಾಡಿದವರು ಹೊಸಬರಲ್ಲ, ಸೋಮಾರಿಯೂ ಅಲ್ಲ. ಪಾಳಿಯ ಮ್ಯಾನೇಜರ್. ಜನ ಕಡಿಮೆ ಇದ್ದರು ಎಂದು ತಾವೇ ಕೆಲಸಕ್ಕೆ ಇಳಿದರು. ಬಿಡಿಭಾಗಗಳ ಕ್ಯಾಟಲಾಗ್ ತೆಗೆದು ನಂಬರ್ ನೋಡುವ ಬದಲು, ಬಿಚ್ಚಿದ ಬೋಲ್ಟ್ ಕೈಯಲ್ಲಿ ಹಿಡಿದು, ಮಬ್ಬು ಬೆಳಕಿನಲ್ಲಿ ಅದೇ ಥರದ್ದನ್ನು ಹುಡುಕಿಕೊಂಡರು. ಹೊತ್ತು ಬೆಳಗಿನ ಜಾವ. ಬೆಳಗ್ಗೆ ವಿಮಾನ ಬೇಕು. ಅಲ್ಲಿ ಕಡಿಮೆ ಬಿದ್ದದ್ದು ಒಂದಿಬ್ಬರು ಜನ, ಒಂದು ಗಂಟೆಯ ಸಮಯ, ಇನ್ನೊಬ್ಬರು ಬಂದು ಪರೀಕ್ಷಿಸುವ ವ್ಯವಸ್ಥೆ. ಮೂರೂ ದುಡ್ಡಿನ ಬಾಬ್ತು. ದುರಸ್ತಿಯ ದರ ಇಳಿಸುತ್ತಾ ಹೋದಾಗ ಮೊದಲು ಕಾಣೆಯಾಗುವುದೂ ಇವೇ ಮೂರು.

ಇನ್ನು ಲೆಕ್ಕ. ಕಂಪನಿಯ ಕಡೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಸಂಬಳ ಕೇಳುವವನಿಗೆ ಅದು ಗೊತ್ತಿರಬೇಕು. ಇಲ್ಲಿನ ಅಂಕಿಗಳು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು. ನೀವು ನಿಮ್ಮ ಅಂಕಿ ಹಾಕಿಕೊಳ್ಳಿ.

ಒಬ್ಬ ಅನುಭವಿ ಎಂಜಿನಿಯರ್‌ಗೆ ತಿಂಗಳಿಗೆ 60 ಸಾವಿರ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 208 ಗಂಟೆ ಎಂದು ಭಾಗಿಸಿದರೆ ಗಂಟೆಗೆ 288 ರೂಪಾಯಿ. ಹ್ಯಾಂಗರ್ ಮಾಲೀಕ ಗ್ರಾಹಕನಿಗೆ ಗಂಟೆಗೆ 1,300 ರೂಪಾಯಿ ಬಿಲ್ ಮಾಡುತ್ತಾನೆ. ಇದು ಹೊರಗಿನವರಿಗೆ ಲೂಟಿಯ ಹಾಗೆ ಕಾಣುತ್ತದೆ. ನೋಡೋಣ. ಪಿಎಫ್, ಗ್ರಾಚ್ಯುಟಿ, ವಿಮೆ ಸೇರಿಸಿದರೆ 60 ಸಾವಿರ ಸುಮಾರು 72 ಸಾವಿರ ಆಗುತ್ತದೆ. ವರ್ಷಕ್ಕೆ 8 ಲಕ್ಷ 64 ಸಾವಿರ. ವಾರಕ್ಕೆ 48 ಗಂಟೆಯಂತೆ ವರ್ಷಕ್ಕೆ ಹತ್ತಿರ ಹತ್ತಿರ 2,500 ಗಂಟೆ. ರಜೆ, ಹಬ್ಬ, ಕಾಯಿಲೆ, ತರಬೇತಿ ಕಳೆದರೆ ಆತ ಹ್ಯಾಂಗರ್‌ನಲ್ಲಿ ಇರುವುದು 2,000 ಗಂಟೆ. ಅದರಲ್ಲೂ ಬಿಡಿಭಾಗಕ್ಕೆ ಕಾಯುವುದು, ಶಿಫ್ಟ್ ಹ್ಯಾಂಡೋವರ್, ವಿಮಾನವೇ ಬರದ ದಿನಗಳು ಹೋದರೆ ಬಿಲ್ ಮಾಡಬಹುದಾದ ಗಂಟೆ ಹೆಚ್ಚೆಂದರೆ 1,400. ಭಾಗಿಸಿ: ಗಂಟೆಗೆ 617. ಇದು ಒಬ್ಬನ ಖರ್ಚು ಮಾತ್ರ. ಹ್ಯಾಂಗರ್ ಬಾಡಿಗೆ, ಟಾರ್ಕ್ ರೆಂಚ್‌ಗಳ ಕ್ಯಾಲಿಬ್ರೇಷನ್, ತಯಾರಕರ ಮ್ಯಾನುಯಲ್‌ಗಳ ಚಂದಾ, ಸ್ಟೋರ್ಸ್, ಕ್ವಾಲಿಟಿ ವಿಭಾಗ, ವಿಮೆ, ಎಂಜಿನ್ ಒಳಗೆ ಇಣುಕಿ ನೋಡುವ ಬೋರ್‌ಸ್ಕೋಪ್ ಥರದ ಉಪಕರಣ, ಇವೆಲ್ಲ ಸೇರಿ ಇನ್ನೊಂದು ಅಷ್ಟೇ ಆಗುತ್ತದೆ. ಲಾಭಕ್ಕೆ ಒಂದಿಷ್ಟು ಹಾಕಿದರೆ 1,300 ಬಂತು.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಕಂಪನಿ ಬಿಲ್ ಮಾಡುವ ದರವೆಲ್ಲ ನಿಮ್ಮ ದುಡಿಮೆಯ ಪಾಲು ಎಂದು ವಾದಿಸಬೇಡಿ, ಸೋಲುತ್ತೀರಿ. ಹಾಗೆಯೇ ಕಂಪನಿ "ನಮಗೆ ಗಿಟ್ಟುವುದಿಲ್ಲ" ಎಂದಾಗ ಸುಮ್ನೆ ತಲೆ ಆಡಿಸಬೇಡಿ. ನಿಮ್ಮ ಸಂಬಳ ಹತ್ತು ಸಾವಿರ ಏರಿದರೆ ಮೇಲಿನ ಲೆಕ್ಕದಲ್ಲಿ ಗಂಟೆಗೆ ನೂರು ರೂಪಾಯಿ ಏರುತ್ತದೆ, ಅಷ್ಟೇ. ಐದು ಸಾವಿರ ಮ್ಯಾನ್‌ಅವರ್ (ಎಲ್ಲರ ದುಡಿಮೆಯ ಗಂಟೆ ಕೂಡಿಸಿ) ಹಿಡಿಯುವ ಒಂದು ಸಿ ಚೆಕ್‌ನಲ್ಲಿ, ಅಂದರೆ ವಿಮಾನವನ್ನು ಹ್ಯಾಂಗರ್‌ನಲ್ಲಿ ನಿಲ್ಲಿಸಿ ಮಾಡುವ ದೊಡ್ಡ ತಪಾಸಣೆಯಲ್ಲಿ, ಎಲ್ಲರ ಸಂಬಳವೂ ಹಾಗೆ ಏರಿದರೂ, 5 ಲಕ್ಷ ರೂಪಾಯಿ ಜಾಸ್ತಿ ಆಗುತ್ತದೆ. ಹೊಸ ಎ320 ನಿಯೋ ಒಂದರ ಬಾಡಿಗೆ ತಿಂಗಳಿಗೆ 3 ಲಕ್ಷ ಡಾಲರ್ ಎಂದು ಹಿಡಿದರೂ ದಿನಕ್ಕೆ 10 ಸಾವಿರ ಡಾಲರ್. ಅಂದರೆ ಎಂಟು ಲಕ್ಷ ರೂಪಾಯಿಗೂ ಮೇಲೆ. ಆ ಚೆಕ್ ಒಂದು ದಿನ ಬೇಗ ಮುಗಿದರೆ ಸಂಬಳ ಏರಿಕೆಯ ದುಡ್ಡು ವಾಪಸ್ ಬಂದಂತೆ. ಒಳ್ಳೆಯ ಕೆಲಸಗಾರರು ಬಿಟ್ಟು ಹೋಗದೆ ನಿಂತರೆ ಆ ಒಂದು ದಿನ ಉಳಿಯುವುದು ಕಷ್ಟವೇನಲ್ಲ. ವಿಮಾನ ಗೊತ್ತಿರುವ ತಂಡ ಬೇಗ ಮುಗಿಸುತ್ತದೆ, ಎರಡೆರಡು ಸಲ ಬಿಚ್ಚುವುದಿಲ್ಲ. ಇದನ್ನು ಮಾಲೀಕರಿಗೆ ಯಾರಾದರೂ ಕಾಗದದ ಮೇಲೆ ಬರೆದು ತೋರಿಸಬೇಕು.

ಈಗ ನಿಮ್ಮ 32 ಸಾವಿರ. ನಿಮಗೆ ಬೇಸರ ಆಗಬಹುದು, ಆದರೂ ಹೇಳುತ್ತೇನೆ. ಇವತ್ತಿನ ದಿನ ನಿಮ್ಮ ಲೈಸೆನ್ಸ್‌ನಿಂದ ಎ320ಕ್ಕೆ ಸಹಿ ಹಾಕಲು ಆಗುವುದಿಲ್ಲ. ಟೈಪ್ ರೇಟಿಂಗ್, ಅಂದರೆ ಆ ಮಾದರಿಯ ವಿಮಾನಕ್ಕೆಂದೇ ಪಡೆಯುವ ಅರ್ಹತೆ ಬೇಕು. ಅದರ ಪಾಠ, ಪ್ರಾಕ್ಟಿಕಲ್ ಮುಗಿಯಬೇಕು. ಮೊದಲ ಟೈಪ್ ಆದ್ದರಿಂದ ಹ್ಯಾಂಗರ್‌ನಲ್ಲೇ ಮಾಡುವ ಆನ್ ದ ಜಾಬ್ ತರಬೇತಿಯೂ ಆಗಬೇಕು. ಆಮೇಲೆ ಲೈಸೆನ್ಸಿನಲ್ಲಿ ಎಂಡಾರ್ಸ್ (ನಮೂದು) ಆಗಬೇಕು, ಆಮೇಲೆ ಕಂಪನಿಯ ಅಥರೈಸೇಷನ್. ಅಲ್ಲಿವರೆಗೆ ಕಂಪನಿಗೆ ನೀವು ಕಲಿಯುತ್ತಿರುವ ಕೈ. ಆ ದೃಷ್ಟಿಯಿಂದ ಆರಂಭದ 32 ಸಾವಿರ ಮರ್ಯಾದೆಗೆಟ್ಟ ಮೊತ್ತವಲ್ಲ. ಟೈಪ್ ಕೋರ್ಸ್‌ಗೆ ಹೊರಗೆ ಹಲವು ಲಕ್ಷ ಆಗುತ್ತದೆ. ಅದೂ ಸಂಬಳದ ಭಾಗವೇ.

ನನ್ನ ತಕರಾರು ಇರುವುದು ಮುಂದಿನದರ ಬಗ್ಗೆ. ನಿಮ್ಮ ಆಫರ್ ಪತ್ರದಲ್ಲಿ ಸಹಿ ಅಧಿಕಾರ ಬಂದ ದಿನದಿಂದ ಎಷ್ಟು ಎಂದು ಬರೆದಿದೆಯೇ? ಬಹುಶಃ ಇಲ್ಲ. ಇಲ್ಲಿಯೇ ನಮ್ಮ ಹುಡುಗರು ಮೋಸ ಹೋಗುವುದು. ಅಥರೈಸೇಷನ್ ಬರುತ್ತದೆ, ಜವಾಬ್ದಾರಿ ಒಂದೇ ದಿನದಲ್ಲಿ ಹತ್ತು ಪಟ್ಟು ಆಗುತ್ತದೆ, ಸಂಬಳ ಮಾತ್ರ ಮುಂದಿನ ಏಪ್ರಿಲ್‌ಗೆ ನೋಡೋಣ ಎನ್ನುತ್ತಾರೆ. ಬಾಂಡ್ ಇರುವುದರಿಂದ ಹುಡುಗ ಬಿಡುವಂತಿಲ್ಲ. ನಾಲ್ಕು ವರ್ಷದ ಬಾಂಡ್‌ನಲ್ಲಿ ಮೂರು ವರ್ಷ ನೀವು ಪೂರ್ತಿ ಸಹಿ ಹಾಕುವ ಎಂಜಿನಿಯರ್ ಆಗಿರುತ್ತೀರಿ, ಟ್ರೈನಿಯ ಸಂಬಳದಲ್ಲಿ. ಆದ್ದರಿಂದ ಚೌಕಾಸಿಯನ್ನು 32ರ ಮೇಲೆ ಮಾಡಬೇಡಿ. ಮೆಟ್ಟಿಲುಗಳ ಮೇಲೆ ಮಾಡಿ. ಟೈಪ್ ಎಂಡಾರ್ಸ್ ಆದಾಗ ಇಷ್ಟು, ಅಥರೈಸೇಷನ್ ಕೈಗೆ ಬಂದ ತಿಂಗಳಿಂದ ಇಷ್ಟು, ಎರಡನೇ ಟೈಪ್ ಸೇರಿದರೆ ಇಷ್ಟು. ಅಥರೈಸೇಷನ್ ಆದಾಗ ಆರಂಭದ ಸಂಬಳದ ಕನಿಷ್ಠ ಎರಡರಷ್ಟು ಕೇಳುವುದು ಅತಿಯಾಸೆ ಎಂದು ನನಗೆ ಅನಿಸುವುದಿಲ್ಲ. ರಾತ್ರಿ ಪಾಳಿಗೆ ಬೇರೆ ಭತ್ಯೆ ಇರಬೇಕು, ಏಕೆಂದರೆ ಲೈನ್ ಮೇಂಟೆನೆನ್ಸ್‌ನ (ಹಾರಾಟಗಳ ನಡುವೆ ಮಾಡುವ ದುರಸ್ತಿಯ) ಬಹುಪಾಲು ಕೆಲಸ ನಡೆಯುವುದೇ ವಿಮಾನಗಳು ರಾತ್ರಿ ನಿಂತಾಗ. ಓವರ್‌ಟೈಮ್‌ಗೆ ಮಾಮೂಲಿ ದರದ ಎರಡರಷ್ಟು ಕೊಡಬೇಕು ಎನ್ನುವುದು 1948ರ ಕಾರ್ಖಾನೆ ಕಾಯಿದೆಯ ಕಾಲದಿಂದ ಇರುವ ನಿಯಮ. ಎಂಜಿನಿಯರ್ ಎಂಬ ಹುದ್ದೆಯ ಹೆಸರು ಕೊಟ್ಟು ಅದನ್ನು ತಪ್ಪಿಸುವ ರೂಢಿ ಇದೆ. ಪತ್ರದಲ್ಲಿ ನಿಮ್ಮ ಹುದ್ದೆಯನ್ನು ಹೇಗೆ ಬರೆದಿದ್ದಾರೆ ನೋಡಿಕೊಳ್ಳಿ.

ಬಾಂಡ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. "ಬಾಂಡ್‌ಗೆಲ್ಲ ಕೋರ್ಟ್‌ನಲ್ಲಿ ಬೆಲೆ ಇಲ್ಲ, ಸಹಿ ಹಾಕಿ ಆಮೇಲೆ ಬಿಟ್ಟು ಹೋಗು" ಎಂದು ಹ್ಯಾಂಗರ್‌ನಲ್ಲಿ ಹಿರಿಯರೇ ಹೇಳುವುದುಂಟು. ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮೂರು ವರ್ಷ ಮುಗಿಯುವ ಮುಂಚೆ ಕೆಲಸ ಬಿಟ್ಟರೆ 2 ಲಕ್ಷ ಕಟ್ಟಬೇಕು ಎನ್ನುವ ಷರತ್ತು ಅಲ್ಲಿತ್ತು. ಕರ್ನಾಟಕ ಹೈಕೋರ್ಟ್ ನೌಕರನ ಪರವಾಗಿತ್ತು, ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಅಂದರೆ ಬಾಂಡ್ ಅಂದಾಕ್ಷಣ ಬಿದ್ದು ಹೋಗುವುದಿಲ್ಲ. ಆದರೆ ಕಂಪನಿ ಇಷ್ಟಬಂದ ಮೊತ್ತ ಬರೆದುಕೊಂಡು ವಸೂಲಿ ಮಾಡಬಹುದು ಅಂತಲೂ ಅಲ್ಲ. ಕರಾರು ಕಾಯಿದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಿಗುತ್ತದೆ.

ಹಾಗಾಗಿ ಮೂರು ಬದಲಾವಣೆ ಕೇಳಿ. 8 ಲಕ್ಷ ಯಾವುದರ ಲೆಕ್ಕ? ಟೈಪ್ ಕೋರ್ಸ್‌ನ ನಿಜವಾದ ಶುಲ್ಕ, ವಸತಿ, ಪ್ರಯಾಣ ಎಷ್ಟಾಯಿತೋ ಅಷ್ಟನ್ನೇ ಬಾಂಡ್ ಮೊತ್ತ ಮಾಡಲಿ, ಬಿಲ್ ಪ್ರತಿ ಕೊಡಲಿ. ಎರಡನೆಯದು, ಮೊತ್ತ ತಿಂಗಳು ತಿಂಗಳು ಕರಗುತ್ತಾ ಹೋಗಬೇಕು. 48 ತಿಂಗಳಿಗೆ 8 ಲಕ್ಷ ಎಂದರೆ ತಿಂಗಳಿಗೆ 16 ಸಾವಿರದ ಚಿಲ್ಲರೆ. ಎರಡು ವರ್ಷ ದುಡಿದವನು ಅರ್ಧ ಮಾತ್ರ ಕಟ್ಟಬೇಕು. ಕೊನೆಯ ತಿಂಗಳಲ್ಲಿ ಬಿಟ್ಟವನಿಂದಲೂ ಪೂರ್ತಿ 8 ಲಕ್ಷ ಕೇಳುವ ಷರತ್ತಿಗೆ ಒಪ್ಪಬೇಡಿ. ಮೂರನೆಯದು, ಕಂಪನಿಯೇ ಕೋರ್ಸ್ ಮಾಡಿಸದೆ ತಡ ಮಾಡಿದರೆ ಬಾಂಡ್ ಶುರುವಾಗಬಾರದು. ಕಂಪನಿಯೇ ಕೆಲಸದಿಂದ ತೆಗೆದರೆ ಬಾಂಡ್ ರದ್ದು. ಇವೆಲ್ಲದರ ಜೊತೆಗೆ ಒಂದು ಮಾತು: ಮೂಲ ಲೈಸೆನ್ಸ್, ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಒತ್ತೆ ಕೊಡಬೇಡಿ. ಅವರು ಮೂಲವನ್ನು ನೋಡಿ, ಪ್ರತಿ ಇಟ್ಟುಕೊಳ್ಳಲಿ.

ಹೊರದೇಶದ ಅಂಕಿಗಳನ್ನು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಪ್ರಕಾರ 2024ರ ಮೇನಲ್ಲಿ ಅಲ್ಲಿನ ವಿಮಾನ ಮೆಕ್ಯಾನಿಕ್‌ಗಳ ಮಧ್ಯದ ವಾರ್ಷಿಕ ಸಂಬಳ ಸುಮಾರು 78,700 ಡಾಲರ್. ಅದನ್ನು ರೂಪಾಯಿಗೆ ಗುಣಿಸಿದರೆ ನಿದ್ದೆ ಬರುವುದಿಲ್ಲ. ಅಲ್ಲಿನ ಬಾಡಿಗೆ, ಆಸ್ಪತ್ರೆ ಖರ್ಚು ಬೇರೆ. ಆದರೆ ಒಂದನ್ನು ಹೋಲಿಸಬಹುದು, ಹೋಲಿಸಲೇಬೇಕು. ಒಂದೇ ವಿಮಾನ, ಒಂದೇ ಮ್ಯಾನುಯಲ್, ಒಂದೇ ಟಾರ್ಕ್. ಬೋಲ್ಟ್ ಬೆಂಗಳೂರಿನಲ್ಲಿ ಸಡಿಲ ಇರಬಹುದು ಎಂದು ಏರ್‌ಬಸ್ ಎಲ್ಲೂ ಬರೆದಿಲ್ಲ. ಹಾಗಿರುವಾಗ "ನಮ್ಮಲ್ಲಿ ಲೇಬರ್ ಅಗ್ಗ" ಎನ್ನುವುದನ್ನೇ ಮುಂದಿಟ್ಟುಕೊಂಡು ನಮ್ಮ ದುರಸ್ತಿ ಉದ್ಯಮ ಬೆಳೆಯುವುದು ನನಗೆ ಒಪ್ಪಿಗೆಯಿಲ್ಲ. ಇದರಿಂದ ಅನುಭವ ಬಂದ ಎಂಜಿನಿಯರ್ ದುಬೈಗೋ ದೋಹಾಕ್ಕೋ ಹೋಗುತ್ತಾನೆ. ನಾವು ಮತ್ತೆ ಹೊಸ ಹುಡುಗರನ್ನು ತಯಾರು ಮಾಡುತ್ತಾ ಕೂರುತ್ತೇವೆ.

ಸರ್ಕಾರ ಉದ್ಯಮಕ್ಕೆ ಮಾಡಬೇಕಾದದ್ದನ್ನು ಸಾಕಷ್ಟು ಮಾಡಿದೆ. ದುರಸ್ತಿ ಸೇವೆಯ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್‌ನಲ್ಲಿ ಶೇ. 18ರಿಂದ 5ಕ್ಕೆ ಇಳಿಯಿತು. 2024ರ ಜುಲೈನಿಂದ ವಿಮಾನದ ಬಿಡಿಭಾಗ, ಉಪಕರಣಗಳ ಆಮದಿನ ಮೇಲೆ ಎಲ್ಲಕ್ಕೂ ಒಂದೇ ಶೇ. 5 ಐಜಿಎಸ್‌ಟಿ ಬಂತು. ಏರ್ ಇಂಡಿಯಾ, ಇಂಡಿಗೋ ಎರಡೂ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ದೊಡ್ಡ ದುರಸ್ತಿ ಕೇಂದ್ರಗಳ ಯೋಜನೆ ಪ್ರಕಟಿಸಿವೆ. ಪಕ್ಕದ ಹೊಸೂರಿನಲ್ಲಿ ಏರ್ ವರ್ಕ್ಸ್ ಎಂಬ ದುರಸ್ತಿ ಕಂಪನಿ ಹಿಂದಿನಿಂದಲೇ ಇದೆ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಗಿ, ಯುದ್ಧದ ವರ್ಷಗಳಲ್ಲಿ ಅಮೆರಿಕನ್ ವಿಮಾನಗಳನ್ನು ಬಿಚ್ಚಿ ಜೋಡಿಸಿದ ಊರು ನಮ್ಮದು. ಇಲ್ಲಿ ಕೈಗುಣಕ್ಕೆ ಕೊರತೆ ಯಾವತ್ತೂ ಇರಲಿಲ್ಲ. ತೆರಿಗೆ ಇಳಿದಾಗ ಆದ ಅನುಕೂಲದಲ್ಲಿ ಒಂದು ಪಾಲು ಹ್ಯಾಂಗರ್‌ನಲ್ಲಿ ದುಡಿಯುವವರಿಗೂ ಬರಬೇಕು. ಕೇಳದಿದ್ದರೆ ಅದು ತಾನಾಗಿ ಬರುವುದಿಲ್ಲ.

ಒಟ್ಟಾಗಿ ಕೇಳುವ ದಾರಿಯೂ ಇದೆ. 2022ರ ಜುಲೈನಲ್ಲಿ ಇಂಡಿಗೋದ ತಂತ್ರಜ್ಞರು ಹೈದರಾಬಾದ್, ದೆಹಲಿಯಲ್ಲಿ ಸಂಬಳದ ಅಸಮಾಧಾನಕ್ಕೆ ಗುಂಪಾಗಿ ಕಾಯಿಲೆ ರಜೆ ಹಾಕಿದ್ದು ನಿಮಗೆ ನೆನಪಿರಬಹುದು. 2024ರ ಜೂನ್ ಕೊನೆಯಲ್ಲಿ ಕೆನಡಾದ ವೆಸ್ಟ್‌ಜೆಟ್ ಏರ್‌ಲೈನ್‌ನಲ್ಲಿ ಮೆಕ್ಯಾನಿಕ್‌ಗಳ ಒಂದು ಯೂನಿಯನ್ನಿಗೆ ಸೇರಿದ ಸುಮಾರು 680 ಜನ ಮುಷ್ಕರ ಹೂಡಿದರು. ವಾರಾಂತ್ಯದ ರಜೆಯ ಸಮಯ. ನೂರಾರು ವಿಮಾನಗಳು ರದ್ದಾದವು. ಎರಡೇ ದಿನದಲ್ಲಿ ಒಪ್ಪಂದ ಆಯಿತು, ತಕ್ಷಣಕ್ಕೆ ಶೇ. 15.5 ಏರಿಕೆ ಸಿಕ್ಕಿತು. ಆದರೆ 2005ರಲ್ಲಿ ಅಮೆರಿಕದ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನಲ್ಲಿ ಇದೇ ಯೂನಿಯನ್ನಿನ ಸುಮಾರು 4,400 ಜನ ಮುಷ್ಕರ ಹೂಡಿದಾಗ ಕಂಪನಿ ಮೊದಲೇ ಬದಲಿ ಜನರನ್ನು ತಯಾರು ಮಾಡಿಟ್ಟಿತ್ತು. ವಿಮಾನಗಳು ಹಾರಿದವು, ಮುಷ್ಕರ ಸೋತಿತು, ಬಹಳ ಜನ ಕೆಲಸ ಕಳೆದುಕೊಂಡರು. ಸಹಿ ಹಾಕುವವರು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತಾರೋ ಇಲ್ಲವೋ ಎನ್ನುವುದೇ ಎರಡೂ ಕಡೆ ಫಲ ನಿರ್ಧರಿಸಿದ್ದು. ಹೊಸಬರಾದ ನಿಮಗೆ ಇದು ಈಗಲೇ ಬೇಡ. ಎರಡು ಟೈಪ್ ಕೈಯಲ್ಲಿರುವ ಹಿರಿಯರು ನಿಮ್ಮಂಥವರ ಪರವಾಗಿ ಮಾತಾಡಬೇಕು.

ಇನ್ನೊಂದು ಗುಂಪಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಲೈಸೆನ್ಸ್ ಇಲ್ಲದ ತಂತ್ರಜ್ಞರು. ಶೀಟ್ ಮೆಟಲ್ ಕೆಲಸದವರು, ಕಾಂಪೋಸಿಟ್ ರಿಪೇರಿ ಮಾಡುವವರು, ಬಣ್ಣದವರು, ಬಿರುಕು ಹುಡುಕುವ ಎನ್‌ಡಿಟಿ ಪರೀಕ್ಷಕರು. ರೆಕ್ಕೆಯ ಚರ್ಮದಲ್ಲಿ ಒಂದು ರಿವೆಟ್ ಸಾಲನ್ನು ಸರಿಯಾಗಿ ಕೂರಿಸಲು ಕೈ ಪಳಗಲು ವರ್ಷಗಳು ಬೇಕು. ಆ ಮನುಷ್ಯ ಮಾಡಿದ ಕೆಲಸದ ಮೇಲೇ ನೀವು ನಾಳೆ ಸಹಿ ಹಾಕುತ್ತೀರಿ. ಅವರನ್ನು ಗುತ್ತಿಗೆಯಲ್ಲಿ, ದಿನಗೂಲಿಯ ಹತ್ತಿರದ ದುಡ್ಡಿಗೆ ದುಡಿಸುವ ಜಾಗಗಳನ್ನು ನಾನು ನೋಡಿದ್ದೇನೆ. ಒಂದು ಕಡೆ ರಾತ್ರಿ ಪಾಳಿ ಮುಗಿಸಿದ ಹುಡುಗ ಬೆಳಗ್ಗೆ ಡೆಲಿವರಿ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಮತ್ತೆ ಬಂದು ಫ್ಲೈಟ್ ಕಂಟ್ರೋಲ್ ಕೇಬಲ್ ಹತ್ತಿರ ಕೆಲಸ ಮಾಡಬೇಕು. ಆ ಸಂಬಳ ನ್ಯಾಯವೋ ಅಲ್ಲವೋ ಎಂದು ಚರ್ಚೆ ಮಾಡುವುದಕ್ಕೆ ಏನೂ ಉಳಿದಿಲ್ಲ. ಎರಡನೇ ಕೆಲಸ ಮಾಡದೆ ಊರಲ್ಲಿ ಬದುಕಲಾಗದ ಸಂಬಳ ಈ ವೃತ್ತಿಯಲ್ಲಿ ಯಾರಿಗೂ ಇರಬಾರದು. ನೀವು ಮುಂದೆ ತಂಡ ನಡೆಸುವಾಗ ಅವರ ಗಂಟೆಗಳನ್ನು ಟಾಸ್ಕ್ ಕಾರ್ಡ್‌ನಲ್ಲಿ ನಿಜವಾಗಿ ಬರೆಯಿರಿ. ಎಂಟು ಗಂಟೆ ಹಿಡಿದ ಕೆಲಸವನ್ನು ಐದು ಎಂದು ಬರೆದರೆ ಮುಂದಿನ ಕೊಟೇಶನ್ ಐದಕ್ಕೇ ಹೋಗುತ್ತದೆ. ಆ ಮೂರು ಗಂಟೆ ಯಾರದೋ ನಿದ್ದೆಯಿಂದ ಬರಬೇಕಾಗುತ್ತದೆ.

ಇನ್ನು ಮುಂದೆ ಬಿ1.2 ಪಡೆದು, ಮಾನ್ಯತೆ ಇರುವ ಸಂಸ್ಥೆಯ ಅಥರೈಸೇಷನ್ ಜೊತೆಗೆ, ಸಣ್ಣ ವಿಮಾನಗಳ ಕೆಲಸಕ್ಕೆ ದರ ಹೇಳುವ ಕಾಲ ಬಂದಾಗ ಏನು ಮಾಡಬೇಕು? ಇದು ನಿಮಗೆ ಮುಂದೆ ಉಪಯೋಗಕ್ಕೆ ಬರುತ್ತದೆ, ಈಗಾಗಲೇ ಇಂಥ ಕೆಲಸ ಮಾಡುತ್ತಿರುವ ಓದುಗರಿಗೂ ಬೇಕಾಗಬಹುದು.

ದಿನದ ದರದಿಂದ ಶುರು ಮಾಡಿ. ತಿಂಗಳಿಗೆ 60 ಸಾವಿರ ಕೈಗೆ ಬರಬೇಕು ಅಂದುಕೊಳ್ಳಿ. ಸ್ವತಂತ್ರವಾಗಿ ದುಡಿಯುವವನಿಗೆ ತಿಂಗಳೆಲ್ಲ ಕೆಲಸ ಇರುವುದಿಲ್ಲ. 12 ದಿನ ಬಿಲ್ ಆಗುತ್ತದೆ ಎಂದು ಹಿಡಿಯಿರಿ. ದಿನಕ್ಕೆ 5 ಸಾವಿರ ಆಯಿತು. ಅದರ ಮೇಲೆ ಉಪಕರಣ, ಕ್ಯಾಲಿಬ್ರೇಷನ್, ವಿಮೆ, ಮರುತರಬೇತಿ, ಕೆಲಸವಿಲ್ಲದ ತಿಂಗಳು, ತೆರಿಗೆ ಎಂದು ಅರ್ಧದಷ್ಟು ಸೇರಿಸಿ. 7,500. ಪ್ರಯಾಣ, ಊಟ, ವಸತಿ ಬೇರೆ. ವರ್ಷದ ಬಿಲ್ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ಇಷ್ಟು ದುಡ್ಡು ಯಾರು ಕೊಡುತ್ತಾರೆ ಎಂದು ಕೇಳಬೇಡಿ. ಇದಕ್ಕಿಂತ ಕಡಿಮೆಗೆ ಹೋದರೆ ಏನನ್ನು ಬಿಡುತ್ತಿದ್ದೀರಿ ಎಂದು ನಿಮಗಾದರೂ ಗೊತ್ತಿರಬೇಕು. ಕ್ಯಾಲಿಬ್ರೇಷನ್ ಬಿಡುತ್ತೀರಾ? ವಿಮೆ ಬಿಡುತ್ತೀರಾ?

ಆಮೇಲೆ ಬಿಲ್ ಅನ್ನು ಎರಡು ತುಂಡು ಮಾಡಿ. ಇದು ನನಗೆ ಎಲ್ಲಕ್ಕಿಂತ ಮುಖ್ಯ. ಪರೀಕ್ಷೆಗೆ ಒಂದು ನಿಗದಿತ ಮೊತ್ತ. ಸಿಕ್ಕ ದೋಷ ಸರಿ ಮಾಡುವುದಕ್ಕೆ ಗಂಟೆ ಲೆಕ್ಕ. ಯಾಕೆ ಅಂತ ಹೇಳುತ್ತೇನೆ. 172ರ 100 ಗಂಟೆ ಇನ್‌ಸ್ಪೆಕ್ಷನ್‌ನಲ್ಲಿ ನೀವು ಆಯಿಲ್ ಫಿಲ್ಟರ್ ಕತ್ತರಿಸಿ ಬಿಚ್ಚಿ ಲೋಹದ ಚೂರು ಇದೆಯೇ ನೋಡುತ್ತೀರಿ. ನಾಲ್ಕೂ ಸಿಲಿಂಡರ್‌ಗೆ ಕಂಪ್ರೆಷನ್ ಟೆಸ್ಟ್, ಸ್ಪಾರ್ಕ್ ಪ್ಲಗ್, ಮ್ಯಾಗ್ನೆಟೋ ಟೈಮಿಂಗ್, ಕಂಟ್ರೋಲ್ ಕೇಬಲ್, ಬ್ರೇಕ್, ಡಿಜಿಸಿಎ ಮತ್ತು ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಹೊರಡಿಸಿದ ಕಡ್ಡಾಯ ನಿರ್ದೇಶನಗಳು. ಕಾಗದದ ಕೆಲಸ ಸೇರಿ ಒಬ್ಬ ಎಂಜಿನಿಯರ್, ಒಬ್ಬ ಸಹಾಯಕನಿಗೆ ಮೂರು ದಿನ ಎಂದು ಇಟ್ಟುಕೊಂಡರೆ ನಿಮ್ಮ ಪಾಲು 22,500. ಎಲ್ಲವೂ ಸರಿಯಾಗಿದ್ದರೂ ಅಷ್ಟೇ, ಇಪ್ಪತ್ತು ದೋಷ ಸಿಕ್ಕರೂ ಅಷ್ಟೇ. ಈಗ ಒಂದು ಸಿಲಿಂಡರ್‌ನ ಕಂಪ್ರೆಷನ್ ಉಳಿದವಕ್ಕಿಂತ ತೀರಾ ಕಡಿಮೆ ಬಂತು ಅನ್ನಿ. "ಎಲ್ಲ ಸೇರಿ ಇಷ್ಟು" ಎಂದು ಒಪ್ಪಿಕೊಂಡಿದ್ದರೆ ಆ ಸಿಲಿಂಡರ್ ಬಿಚ್ಚುವ ಎರಡು ದಿನ ನಿಮ್ಮ ಜೇಬಿನಿಂದ ಹೋಗುತ್ತದೆ. ಆಗ ಕಣ್ಣು ತಾನಾಗಿಯೇ ಮೆದುವಾಗುತ್ತದೆ. ಪ್ರಾಮಾಣಿಕರಿಗೂ ಹೀಗಾಗುತ್ತದೆ. ಹಾಗಾಗಿ ಒಟ್ಟು ಗುತ್ತಿಗೆ ಬೇಡ. ದೋಷ ಸಿಕ್ಕರೆ ಮಾಲೀಕರಿಗೆ ಫೋಟೋ ಸಮೇತ ತೋರಿಸಿ, ಅಂದಾಜು ಹೇಳಿ, ಬರಹದಲ್ಲಿ ಒಪ್ಪಿಗೆ ಪಡೆದು ಮುಂದುವರಿಯಿರಿ. ಮಾಲೀಕರಿಗೂ ಇದು ಒಳ್ಳೆಯದು. ಎಷ್ಟು ದುಡ್ಡು ಯಾವುದಕ್ಕೆ ಹೋಯಿತು ಎಂದು ಅವರಿಗೆ ಗೊತ್ತಾಗುತ್ತದೆ, ಅನುಮಾನ ಉಳಿಯುವುದಿಲ್ಲ.

"ಬೇಗ ಮುಗಿಸಿದರೆ ಮೇಲೆ ಇನ್ನಷ್ಟು" ಎನ್ನುವುದನ್ನು ಯಾವತ್ತೂ ಒಪ್ಪಬೇಡಿ. ಬೇಗ ಬೇಕಿದ್ದರೆ ಇನ್ನೊಬ್ಬ ಎಂಜಿನಿಯರನ್ನು ಕರೆಸಲಿ, ಆತನ ದಿನದ ದುಡ್ಡು ಕೊಡಲಿ. ವಿಮಾನ ಎಲ್ಲೋ ಕೆಟ್ಟು ನಿಂತು ನಡುರಾತ್ರಿ ಕರೆದರೆ ಅವೇಳೆಯ ದರ ಜಾಸ್ತಿ ಕೇಳುವುದು ಸರಿ. ಅದು ನಿಮ್ಮ ಸಮಯದ ಬೆಲೆ. ಆದರೆ ದುಡ್ಡನ್ನು "ವಿಮಾನ ಹಾರಿದರೆ ಮಾತ್ರ" ಎಂದು ಕಟ್ಟಿಹಾಕಬಾರದು. ಹೋಗಿ ನೋಡಿ, ಇದು ಹಾರುವುದಿಲ್ಲ ಎಂದು ಬರೆದು ಬಂದರೂ ಪೂರ್ತಿ ದುಡ್ಡು ಬರಬೇಕು. ಹೋಗುವ ಮುಂಚೆಯೇ ಇದನ್ನು ಮೇಲ್‌ನಲ್ಲಿ ಹೇಳಿಸಿಕೊಳ್ಳಿ.

ಬಿಡಿಭಾಗಗಳನ್ನು ಮಾಲೀಕರೇ ತರಿಸಲಿ. ನೀವು ತರಿಸಿದರೆ ನಿರ್ವಹಣೆಗೆ ಶೇಕಡಾ ಇಷ್ಟು ಎಂದು ಬಿಲ್‌ನಲ್ಲಿ ಬಹಿರಂಗವಾಗಿ ಹಾಕಿ, ಅಂಗಡಿಯವರಿಂದ ಒಳಗಿಂದೊಳಗೆ ಕಮಿಷನ್ ಬೇಡ. ಭಾಗ ಬಳಸಲು ಯೋಗ್ಯ ಎಂದು ಹೇಳುವ ಎಫ್‌ಎಎ 8130-3 ಅಥವಾ ಯುರೋಪಿನ ನಿಯಂತ್ರಕ ಇಎಎಸ್‌ಎಯ ಫಾರ್ಮ್ 1 ಥರದ ಕಾಗದ ಇಲ್ಲದ ಭಾಗವನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ. ಕಾಗದ ಇದ್ದರೂ ನೋಡಿ. 2023ರಲ್ಲಿ ಲಂಡನ್‌ನ ಎಒಜಿ ಟೆಕ್ನಿಕ್ಸ್ ಎಂಬ ಸಂಸ್ಥೆ ಸಿಎಫ್‌ಎಂ56 ಎಂಜಿನ್ ಭಾಗಗಳನ್ನು ನಕಲಿ ಕಾಗದದ ಜೊತೆ ಮಾರಿದ್ದು ಹೊರಬಿದ್ದಾಗ ದೊಡ್ಡ ದೊಡ್ಡ ಏರ್‌ಲೈನ್‌ಗಳೇ ಎಂಜಿನ್ ಬಿಚ್ಚಿ ಹುಡುಕಬೇಕಾಯಿತು.

ನಿಮ್ಮ ತಂದೆಯವರ ಪ್ರಶ್ನೆಗೆ ಹೀಗೆ ಹೇಳಿ: ಮೊದಲ ಎರಡು ವರ್ಷ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ಸಹಿ ಅಧಿಕಾರ ಬಂದ ಮೇಲೆ ಮೆಟ್ಟಿಲು ಸರಿಯಾಗಿ ಕಟ್ಟಿಸಿಕೊಂಡಿದ್ದರೆ ಬರುತ್ತದೆ, ಇಲ್ಲದಿದ್ದರೆ ತಡವಾಗುತ್ತದೆ. ಹಾಗಾಗಿ ಈ ವಾರವೇ ಕಂಪನಿಯ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಟೈಪ್ ಕೋರ್ಸ್ ಯಾವ ತಿಂಗಳು, ಅಥರೈಸೇಷನ್ ಆದ ಮೇಲೆ ಸಂಬಳ ಎಷ್ಟು, ಬಾಂಡ್ ಮೊತ್ತದ ಲೆಕ್ಕ ಏನು, ಅದು ತಿಂಗಳಿಗೆ ಎಷ್ಟು ಕಡಿಮೆಯಾಗುತ್ತದೆ, ರಾತ್ರಿ ಪಾಳಿಯ ಭತ್ಯೆ ಎಷ್ಟು ಎಂದು ಕೇಳಿ. ವಿನಯದಿಂದ ಕೇಳಿ, ಆದರೆ ಒಂದನ್ನೂ ಬಿಡಬೇಡಿ. ಅವರು ಫೋನ್ ಮಾಡಿ "ಅದೆಲ್ಲ ನೋಡಿಕೊಳ್ಳುತ್ತೇವೆ ಬನ್ನಿ" ಎಂದರೆ, ಅದನ್ನೇ ಮೇಲ್‌ನಲ್ಲಿ ಕಳಿಸಿ ಸಾರ್ ಎನ್ನಿ. ಐದರಲ್ಲಿ ಅಥರೈಸೇಷನ್ ನಂತರದ ಸಂಬಳ, ಕರಗುವ ಬಾಂಡ್ ಎರಡಕ್ಕೂ ಬರಹದಲ್ಲಿ ಒಪ್ಪಿಗೆ ಬಂದರೆ 32 ಸಾವಿರಕ್ಕೇ ಸೇರಿಕೊಳ್ಳಿ. ಆ ಎರಡೂ ಬರದಿದ್ದರೆ ಆರಂಭದಲ್ಲಿ 40 ಕೊಡುತ್ತೇವೆ ಎಂದರೂ ಬೇರೆ ಕಡೆ ಅರ್ಜಿ ಹಾಕುತ್ತಿರಿ.